ಅರ್ಧ ಕಜ್ಜಾಯ

“ಗುರುಗಳೇ, ಎಡೆ ಇಟ್ಟು ಬಾಗಿಲು ಹಾಕ್ತೀವಲ್ಲ, ಆಗ ಒಳಗೆ ನಿಜವಾಗ್ಲೂ ಯಾರಾದ್ರೂ ಬರ್ತಾರಾ?”

ಕೇಳಿದವನು ಮೂಡಲಯ್ಯ. ಹಿರಿಯರ ಹಬ್ಬಕ್ಕೆಂದು ಊರಿಗೆ ಹೋಗಿದ್ದವನು ಆ ಬೆಳಿಗ್ಗೆಯಷ್ಟೇ ಮಠಕ್ಕೆ ಮರಳಿದ್ದ. ತಂದೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಎಡೆ ಇಟ್ಟದ್ದು ಅದೇ ಮೊದಲು. ಮೂರು ದಿನದಿಂದ ಅವನ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ.

“ಯಾಕಯ್ಯ, ಯಾರಾದ್ರೂ ಬಂದ್ರೋ?” ಎಂದರು ಗುರುಗಳು.

“ಕೆಮ್ಮು ಕೇಳಿಸ್ತು. ಅಪ್ಪನ ಕೆಮ್ಮೇ. ನಾವೆಲ್ಲ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ವಿ. ನನಗೊಬ್ಬನಿಗೇ ಕೇಳಿಸಿದ್ದು. ಬಾಗಿಲು ತೆಗೆದು ನೋಡಿದ್ರೆ ಎಲೆ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು.”

“ಮನೆಯವರೆಲ್ಲ ಇದ್ರೋ?”

“ಎಲ್ಲಾ ಇದ್ರು. ಅಕ್ಕ ಒಬ್ಬಳು ತಡವಾಗಿ ಬಂದ್ಲು, ಕೈಯಲ್ಲೊಂದು ಡಬ್ಬಿ ಹಿಡ್ಕೊಂಡು. ಅಪ್ಪನಿಗೂ ಅವಳಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಎಡೆ ಆಗ್ಲಿ, ಆಮೇಲೆ ನೋಡೋಣ ಅಂತ ಜಗಲಿ ಮೇಲೆ ಕೂರಿಸಿದ್ವಿ. ನಾವು ಬಾಗಿಲು ತೆಗೆಯೋ ಹೊತ್ತಿಗೆ ಡಬ್ಬಿ ತಗೊಂಡು ಎದ್ದು ಹೋಗಿದ್ಲು. ಅದು ಬೇರೆ ಮಾತು ಬಿಡಿ.”

“ಬಿಟ್ಟೆ” ಎಂದರು ಗುರುಗಳು.

ಮೂಡಲಯ್ಯ ತಂದಿದ್ದ ಬಾಳೆಎಲೆಯ ಪೊಟ್ಟಣ ಅವರ ಮುಂದಿತ್ತು. ಬಿಚ್ಚಿದರು. ಒಳಗೆ ಹಬ್ಬದ ಕಜ್ಜಾಯಗಳಿದ್ದವು. ಒಂದನ್ನು ಎತ್ತಿ ಅವನತ್ತ ಚಾಚಿದರು. ಮೂಡಲಯ್ಯ ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡ. “ನಿಮ್ಮದಾಗ್ಲಿ ಗುರುಗಳೇ, ನಾನು ಆಮೇಲೆ” ಎಂದ. ಗುರುಗಳು ಆ ಕಜ್ಜಾಯವನ್ನು ಮತ್ತೆ ಎಲೆಯ ಮೇಲಿಟ್ಟು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೊಬ್ಬಳು ತಾಯಿ, ಒಬ್ಬಳು ಹೆಂಡತಿ. ಆ ಮನೆಯಲ್ಲಿ ಮಾತು ಯಾರದು, ಮೌನ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ. ರೈತನ ಹೆಸರು ನಮಗೆ ಬೇಡ. ಅವನು ಈ ಕತೆಗೆ ಬೇಕಾಗಿರುವುದು ಬಾಗಿಲು ತಟ್ಟುವುದಕ್ಕೆ ಮಾತ್ರ. ಹೆಂಡತಿಯ ಹೆಸರು ಮುದ್ದಮ್ಮ.

ಮುದ್ದಮ್ಮನ ಅತ್ತೆ ಕಜ್ಜಾಯಕ್ಕೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರಾದವಳು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಇನ್ನೂ ತೇವ ಇರುವಾಗಲೇ ಕುಟ್ಟಿ ಹಿಟ್ಟು ಮಾಡುವ ಕೆಲಸವನ್ನು ಯಾರಾದರೂ ಮಾಡುತ್ತಾರೆ. ಬೆಲ್ಲದ ಪಾಕ ಹಾಗಲ್ಲ. ತುಸು ಮುಂದೆ ಹೋದರೆ ಕಜ್ಜಾಯ ಕಲ್ಲಾಗುತ್ತದೆ, ತುಸು ಹಿಂದೆ ಉಳಿದರೆ ಎಣ್ಣೆಯಲ್ಲಿ ಬಿಟ್ಟುಕೊಂಡು ಚೂರಾಗುತ್ತದೆ. ಅತ್ತೆ ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉರುಳಿಸಿ ನೋಡಿ, “ಇಳಿಸು” ಎನ್ನುತ್ತಿದ್ದಳು. ಆ ಮಾತು ಒಂದು ಸಲವೂ ಸುಳ್ಳಾದದ್ದಿಲ್ಲ.

ನೇಮದಲ್ಲಿಯೂ ಅವಳು ಹಾಗೆಯೇ. ಮಹಾಲಯ ಅಮಾವಾಸ್ಯೆಯ ದಿನ ಒಲೆ ಹೊತ್ತಿತೆಂದರೆ, ಹಿರಿಯರಿಗೆ ಎಡೆ ಆಗುವವರೆಗೆ ಆ ಮನೆಯಲ್ಲಿ ಯಾರೂ ಒಂದು ಚೂರು ಬಾಯಿಗೆ ಹಾಕುವಂತಿಲ್ಲ. ಉಪ್ಪು ನೋಡುವಂತಿಲ್ಲ. ಒಲೆಯ ಮುಂದೆ ಕೂತವರು ಬಾಯಿ ಮೂಗು ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಳ್ಳಬೇಕು. ವಾಸನೆ ಹಿಡಿದರೂ ಅದು ಎಂಜಲೇ ಎಂದು ಅತ್ತೆಯ ವಾದ. ಇನ್ನು ವಾದ ಮಾಡುವವರು ಆ ಮನೆಯಲ್ಲಿ ಯಾರಿದ್ದರು?

ಮಟಮಟ ಮಧ್ಯಾಹ್ನ ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಕಿ, ಮಾಡಿದ್ದನ್ನೆಲ್ಲ ಬಡಿಸಿ ಬಾಗಿಲು ಮುಚ್ಚುವರು. ಮನೆಯವರೆಲ್ಲ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುವರು. ಮನೆಯ ಗಂಡಸು ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಹಿರಿಯರ ಊಟಕ್ಕೆ ಬಿಟ್ಟದ್ದು. ಅದು ಮುಗಿದ ಮೇಲೆ ಮೂರು ಸಲ ಬಾಗಿಲು ತಟ್ಟಿ ತೆರೆಯುವರು. ತಟ್ಟದೆ ತೆರೆಯಬಾರದು. ಉಣ್ಣುವ ಹಿರಿಯರ ಮುಖ ಕಂಡವರು ಮುಂದಿನ ಹಬ್ಬಕ್ಕೆ ಅವರ ಸಾಲಿನಲ್ಲೇ ಕೂತಿರುತ್ತಾರೆ ಎಂದು ಆ ಸೀಮೆಯಲ್ಲಿ ಮಾತು.

ಮುದ್ದಮ್ಮ ಆ ಮನೆಯಲ್ಲಿ ಕಂಡ ಮೊದಲ ಹಿರಿಯರ ಹಬ್ಬಕ್ಕೆ ಏಳು ತಿಂಗಳ ಬಸುರಿ. ಅತ್ತೆ ಕರಿಯುತ್ತಿದ್ದಳು, ಸೊಸೆ ಬಾಳೆಎಲೆಯ ಮೇಲೆ ತಟ್ಟಿಕೊಡುತ್ತಿದ್ದಳು. ಎಣ್ಣೆಯಿಂದ ತೆಗೆದ ಒಂದು ಕಜ್ಜಾಯದ ಅಂಚು ಮುರಿದು ತಟ್ಟೆಗೆ ಬಿತ್ತು. ಬಸುರಿಯ ಬಯಕೆಗೆ ನೇಮ ಗೊತ್ತಿರುತ್ತದೆಯೇ? ಮುಖದ ಬಟ್ಟೆ ಸರಿಸಿದಳು, ಚೂರನ್ನು ಬಾಯಿಯ ಹತ್ತಿರ ಒಯ್ದಳು. ಅಷ್ಟರಲ್ಲಿ ಬಿಸಿ ಜಾಲರಿ ಸೌಟು ಅವಳ ಮಣಿಕಟ್ಟಿನ ಮೇಲೆ ಬಿತ್ತು.

“ಹಿರಿಯರದ್ದು ಆಗ್ಲಿ. ನೀನು ಆಮೇಲೆ” ಎಂದಳು ಅತ್ತೆ.

ಚೂರು ಒಲೆಯ ಬೂದಿಯಲ್ಲಿ ಬಿದ್ದಿತ್ತು. ಮಧ್ಯಾಹ್ನ ಮುದ್ದಮ್ಮ ಬಾಗಿಲಿಗೆ ಬೆನ್ನು ಹಾಕಿ ಎಲ್ಲರ ಜೊತೆ ನಿಂತಳು. ಬಾಯಲ್ಲಿ ನೀರು, ಕಣ್ಣಲ್ಲಿಯೂ ನೀರು.

ಅತ್ತೆ ಕೆಟ್ಟವಳೇನಲ್ಲ. ಆ ಸಂಜೆ ಸುಟ್ಟ ಗಾಯಕ್ಕೆ ತಾನೇ ತುಪ್ಪ ಸವರಿದಳು. ಸೊಸೆಯ ಮಡಿಲಿಗೆ ನಾಲ್ಕು ಕಜ್ಜಾಯ ಹಾಕಿ, “ತಿನ್ನು ತಾಯಿ, ಎರಡು ಜೀವದವಳು” ಎಂದಳು. ಮುದ್ದಮ್ಮ ತಿಂದಳು. ಆದರೆ ಬೆಳಿಗ್ಗೆ ಬಾಯಿಯವರೆಗೆ ಬಂದಿದ್ದ ಆ ಚೂರು ಬೇರೆ, ಸಂಜೆ ಮಡಿಲಿಗೆ ಬಿದ್ದ ನಾಲ್ಕು ಬೇರೆ. ಗಾಯ ಮಾಯಿತು, ಅರ್ಧಚಂದ್ರದ ಹಾಗೆ ಒಂದು ಕಲೆ ಮಾತ್ರ ಮಣಿಕಟ್ಟಿನ ಮೇಲೆ ಉಳಿಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇಪ್ಪತ್ತೆರಡು ವರ್ಷ ಕಳೆದವು. ಮಾವ ತೀರಿಕೊಂಡ. ಅತ್ತೆ ಊರು ಹೋಗು ಕಾಡು ಬಾ ಎನ್ನುವ ವಯಸ್ಸಿಗೆ ಬಂದು ಹಾಸಿಗೆ ಹಿಡಿದಳು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ನೆನಪುಗಳೂ ಹಲ್ಲಿನ ಹಾಗೆ ಒಂದೊಂದಾಗಿ ಉದುರುತ್ತಿದ್ದವು. ಮಗನ ಹೆಸರು ಮರೆತಳು. ಗಂಡ ಸತ್ತದ್ದನ್ನು ಮರೆತಳು. ತಾನೇ ಕಾವಲು ಕೂತಿದ್ದ ನೇಮವನ್ನೂ ಮರೆತಳು. ಸೊಸೆಯ ಹೆಸರು ಉಳಿದಿತ್ತು, ಕಜ್ಜಾಯದ ರುಚಿ ಉಳಿದಿತ್ತು.

ಆ ವರ್ಷದ ಅಮಾವಾಸ್ಯೆಯ ಬೆಳಿಗ್ಗೆ ಮುದ್ದಮ್ಮ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಣಲೆಯ ಮುಂದೆ ಕೂತಿದ್ದಳು. ಅತ್ತೆಯ ಹಾಸಿಗೆ ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ಮೊದಲ ಕಜ್ಜಾಯ ಎಣ್ಣೆಯಲ್ಲಿ ಉಬ್ಬಿ ಮೇಲೆದ್ದಿತು. ವಾಸನೆ ಹೋಗಿ ಮುದುಕಿಯನ್ನು ಎಬ್ಬಿಸಿತು.

“ಮುದ್ದೂ, ಒಂದು ಕಜ್ಜಾಯ ಕೊಡೇ.”

“ಎಡೆ ಆಗ್ಲಿ ಅತ್ತೆ. ಆಮೇಲೆ.”

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಮತ್ತೆ ಅದೇ ಉತ್ತರ. ಗಂಡನಿಗೆ ನೋಡಲಾಗಲಿಲ್ಲ. “ಒಂದು ಕೊಟ್ಟುಬಿಡೇ, ಅವ್ವನಿಗೆ ಏನು ಗೊತ್ತಾಗುತ್ತೆ” ಎಂದ. “ನಿಮ್ಮವ್ವನೇ ಕಲಿಸಿದ ನೇಮ” ಎಂದಳು ಮುದ್ದಮ್ಮ. ಅವನು ಎದ್ದು ಹೊರಗೆ ಹೋದ.

ಮೂರನೆಯ ಸಲ ಮುದುಕಿ ಮಾತಾಡಲಿಲ್ಲ. ಕೈ ಚಾಚಿದಳು. ಅಂಗೈ ಮೇಲಾಗಿ, ಐದು ಬೆರಳೂ ಬಿಚ್ಚಿ, ಚಿಕ್ಕ ಮಕ್ಕಳು ಚಾಚುವ ಹಾಗೆ. ಮುದ್ದಮ್ಮ ಆ ಕೈಯನ್ನು ನೋಡಿದಳು. ಆಮೇಲೆ ತನ್ನ ಮಣಿಕಟ್ಟಿನ ಕಲೆಯನ್ನು ನೋಡಿಕೊಂಡಳು.

“ಹಿರಿಯರದ್ದು ಆಗ್ಲಿ. ನೀವು ಆಮೇಲೆ” ಎಂದಳು.

ಹೇಳಿ ನಕ್ಕಳು. ಬಾಯಿಗೆ ಬಟ್ಟೆ ಕಟ್ಟಿತ್ತಲ್ಲ, ಆ ನಗೆ ಯಾರಿಗೂ ಕಾಣಲಿಲ್ಲ.

ಮಧ್ಯಾಹ್ನ ಎಡೆ ಆಯಿತು. ಬಾಗಿಲು ಮುಚ್ಚಿದರು, ನಿಂತರು, ತಟ್ಟಿದರು, ತೆರೆದರು. ಎಲೆಯ ಮೇಲಿನದು ಎಂದಿನಂತೆ ಇಟ್ಟ ಹಾಗೇ ಇತ್ತು. ಮುದ್ದಮ್ಮ ಒಂದು ಕಜ್ಜಾಯ ಎತ್ತಿಕೊಂಡು ಅತ್ತೆಯ ಹತ್ತಿರ ಬಂದಳು. ಮುದುಕಿಯ ಕೈ ಚಾಚಿದ ಹಾಗೇ ಇತ್ತು. ಮುದ್ದಮ್ಮ ಕಜ್ಜಾಯವನ್ನು ಆ ಅಂಗೈಯಲ್ಲಿಟ್ಟಳು. ಬೆರಳು ಮುಚ್ಚಲಿಲ್ಲ. ಮುದುಕಿ ಆಗಲೇ ಹೋಗಿಬಿಟ್ಟಿದ್ದಳು.

ಊರಿಗೆ ಊರೇ ಹೊಗಳಿತು. ಹಿರಿಯರು ಬಂದ ಹೊತ್ತಿಗೇ ಅವರ ಜೊತೆ ಹೊರಟಳಲ್ಲ, ಎಂಥ ಸಾವು ಎಂದರು. ಸಾಯುವ ಅತ್ತೆ ಕೇಳಿದರೂ ನೇಮ ಬಿಡಲಿಲ್ಲವಲ್ಲ, ಎಂಥ ಸೊಸೆ ಎಂದರು. ಮುದ್ದಮ್ಮನ ಎದೆಯಲ್ಲಿ ಮುಳ್ಳು ಮುರಿದುಕೊಂಡಿತು. ಹದಿಮೂರನೆಯ ದಿನ ಪುರೋಹಿತರ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ನಗೆಯನ್ನು ಮಾತ್ರ ಹೇಳಲಿಲ್ಲ. ಪುರೋಹಿತರು ಕೇಳಿ, “ನೇಮ ತಪ್ಪಿಲ್ಲವಲ್ಲ ತಾಯಿ, ನಿನಗೆ ಯಾವ ದೋಷವೂ ಇಲ್ಲ” ಎಂದರು. ಅಷ್ಟು ಕೇಳಿದ್ದೇ ಅವಳಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು.

ಮರುವರ್ಷ ಹಬ್ಬ ಬಂತು. ಈಗ ಅತ್ತೆಯೂ ಹಿರಿಯರಲ್ಲಿ ಒಬ್ಬಳು. ಅವಳಿಗಾಗಿಯೇ ಮುದ್ದಮ್ಮ ಎರಡು ಸೇರು ಅಕ್ಕಿ ಹೆಚ್ಚಿಗೆ ಕುಟ್ಟಿದಳು, ಹೊಸ ಸೀರೆ ಮಡಿಸಿ ಮಣೆಯ ಮೇಲಿಟ್ಟಳು, ಎಲೆಯ ತುಂಬ ಕಜ್ಜಾಯ ಬಡಿಸಿದಳು. ಬಾಗಿಲು ಮುಚ್ಚಿದರು. ಬೆನ್ನು ಹಾಕಿ ನಿಂತರು. ಗಂಡ ಎಲೆಅಡಿಕೆ ಬಾಯಿಗೆ ಹಾಕಿಕೊಂಡ.

“ಮುದ್ದೂ, ಒಂದು ಕಜ್ಜಾಯ ಕೊಡೇ.”

ಮುಚ್ಚಿದ ಬಾಗಿಲ ಒಳಗಿನಿಂದ, ನೆಲದ ಹತ್ತಿರದಿಂದ ಬಂದ ದನಿ. ಮುದ್ದಮ್ಮ ಗಂಡನ ಮುಖ ನೋಡಿದಳು. ಅವನು ಅಗಿಯುತ್ತಲೇ ಇದ್ದ. ಬಾಗಿಲು ತೆರೆದಾಗ ಎಲೆಯ ಮೇಲೆ ಅಷ್ಟೂ ಕಜ್ಜಾಯ ಹಾಗೇ ಇದ್ದವು, ಲೋಟದ ನೀರೂ ಕದಲಿರಲಿಲ್ಲ.

ಅದರ ಮರುವರ್ಷ ಅವಳು ಒಂದು ಉಪಾಯ ಮಾಡಿದಳು. ಬಾಗಿಲು ಹಾಕುವ ಮೊದಲು ಕೋಣೆಯ ನೆಲಕ್ಕೆಲ್ಲ ಒಲೆಯ ಬೂದಿಯನ್ನು ತೆಳ್ಳಗೆ ಜರಡಿ ಹಿಡಿದಳು. ಬಂದವರ ಹೆಜ್ಜೆ ಮೂಡಬೇಕಷ್ಟೆ. ಈ ಸಲವೂ ಅದೇ ದನಿ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ದನಿ, ಗಂಡಸಿನದು, “ಆಮೇಲೆ” ಎಂದಿತು. ಅದರಾಚೆ, ಇನ್ನೂ ದೂರದಲ್ಲಿ, ಯಾರೋ ಮತ್ತೆ “ಆಮೇಲೆ” ಎಂದರು. ಆ ಕೋಣೆಯಲ್ಲಿ ಅಷ್ಟು ದೂರ ಇರಲಿಲ್ಲ.

ಬಾಗಿಲು ತೆರೆದಾಗ ಎಲೆಯ ಮೇಲಿನದು ಇಟ್ಟ ಹಾಗೇ ಇತ್ತು. ಬೂದಿಯಲ್ಲಿ ಒಂದೂ ಹೆಜ್ಜೆಯಿರಲಿಲ್ಲ. ಹೊಸ್ತಿಲಿಗೆ ತಾಗಿದ ಹಾಗೆ ಒಂದು ಕೈಯ ಗುರುತಿತ್ತು. ಅಂಗೈ ಊರಿದ ಗುರುತಲ್ಲ, ಹಿಂಗೈಯದು. ಅಂಗೈ ಮೇಲಾಗಿ ಚಾಚಿಟ್ಟ ಕೈ.

ಗಂಡ “ಬೆಕ್ಕು ಹೊರಳಾಡಿರಬೇಕು” ಎಂದು ಕಾಲಿನಿಂದ ಬೂದಿಯನ್ನು ಅಳಿಸಿದ. ಗಂಡಸರಿಗೆ ಬೆಕ್ಕಿನ ಮೇಲೆ ಬಲು ನಂಬಿಕೆ.

ಆ ವರ್ಷವೆಲ್ಲ ಮುದ್ದಮ್ಮ ಸೊರಗಿದಳು. ತಾನು ಕೊಡದ ಒಂದು ಕಜ್ಜಾಯಕ್ಕಾಗಿ ಮುದುಕಿ ಎರಡು ವರ್ಷದಿಂದ ಹೊಸ್ತಿಲಲ್ಲಿ ಕೈ ಚಾಚಿ ಕೂತಿದ್ದಾಳೆ. ಎಲೆಯ ತುಂಬ ಬಡಿಸಿದರೂ ಅದು ಅವಳ ಬಾಯಿಗೆ ಹೋಗುತ್ತಿಲ್ಲ. ಯಾಕೆ ಹೋಗುತ್ತಿಲ್ಲ? ಅದನ್ನು ತಿಳಿಯದೆ ತನ್ನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಖಚಿತವಾಯಿತು. ತಿಳಿಯಬೇಕಾದರೆ ಒಳಗಿರಬೇಕು. ಒಳಗಿದ್ದವರು ಮುಂದಿನ ಹಬ್ಬಕ್ಕೆ ಅವರ ಸಾಲಿನಲ್ಲಿ ಕೂರುತ್ತಾರೆ. ಅದೂ ಅವಳಿಗೆ ಗೊತ್ತಿತ್ತು.

ಮೂರನೆಯ ವರ್ಷದ ಹ‌ಬ್ಬಕ್ಕೆ ಎಲ್ಲವನ್ನೂ ಬಡಿಸಿ ಆಯಿತು. ಮನೆಯವರು ಹೊರಗೆ ಹೋದರು. ಕೊನೆಯಲ್ಲಿ ನೀರಿನ ಲೋಟ ಇಟ್ಟು ಬಾಗಿಲು ಎಳೆದುಕೊಂಡು ಬರುವವಳು ಯಾವಾಗಲೂ ಮುದ್ದಮ್ಮನೇ. ಅವಳು ಲೋಟ ಇಟ್ಟಳು, ಬಾಗಿಲು ಎಳೆದಳು, ಅಗುಳಿಯನ್ನು ಒಳಗಿನಿಂದ ಹಾಕಿಕೊಂಡಳು. ಹೊರಗೆ ಎಲ್ಲರೂ ಬೆನ್ನು ಹಾಕಿ ನಿಂತಿದ್ದರಲ್ಲ, ಅವಳು ತಮ್ಮ ಹಿಂದೆಯೇ ನಿಂತಿದ್ದಾಳೆ ಎಂದುಕೊಂಡರು.

ಮೊದಲು ಏನೂ ಇರಲಿಲ್ಲ. ದೀಪ ಇತ್ತು, ಎಲೆ ಇತ್ತು, ಹೊರಗೆ ಗಂಡ ಅಡಿಕೆ ಕಡಿದ ಸದ್ದು ಕೇಳಿತು. ಆಮೇಲೆ ಗಾಳಿಯಿಲ್ಲದೆ ದೀಪದ ಕುಡಿ ಎಲೆಯ ಕಡೆಗೆ ಬಾಗಿತು. ಗೋಡೆಗೆ ಒರಗಿ ಅವರು ಕೂತಿದ್ದರು.

ಹೊಸ್ತಿಲ ಹತ್ತಿರ ಅತ್ತೆ. ಅವಳಾಚೆ ಮಾವ. ಅವನಾಚೆ ಮುದ್ದಮ್ಮ ಕಾಣದ ಮುಖಗಳು. ಆ ಗೋಡೆ ಇದ್ದದ್ದು ಹತ್ತು ಮೊಳ, ಸಾಲು ಮಾತ್ರ ಹತ್ತು ಮೊಳಕ್ಕೆ ನಿಲ್ಲಲಿಲ್ಲ. ದೂರ ಹೋದಂತೆ ಮುಖಗಳೂ ಇರಲಿಲ್ಲ, ಕೈಗಳು ಮಾತ್ರ ಇದ್ದವು. ಎಲ್ಲ ಕೈಗಳೂ ಅಂಗೈ ಮೇಲಾಗಿ ಚಾಚಿದ್ದವು. ಅತ್ತೆ ಎಲೆಯನ್ನು ನೋಡಿದಳು, ಮಾವನನ್ನು ನೋಡಿದಳು, “ನಿಮ್ಮದಾಗ್ಲಿ, ಆಮೇಲೆ” ಎಂದಳು. ಮಾವ ತನ್ನ ಪಕ್ಕದವರಿಗೆ ಅದನ್ನೇ ಹೇಳಿದ. ಅವರು ಅವರ ಪಕ್ಕದವರಿಗೆ ಹೇಳಿದರು. ಆ ಮಾತು ಸಾಲಿನುದ್ದಕ್ಕೂ ಹೋಯಿತು, ಸಣ್ಣದಾಗುತ್ತ ಹೋಯಿತು, ಎಲ್ಲಿಯೂ ಮುಗಿಯಲಿಲ್ಲ. ಎಲೆಯ ಮೇಲಿನದನ್ನು ಒಬ್ಬರೂ ಮುಟ್ಟಲಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಹಿರಿಯರಿದ್ದರು.

ಇಷ್ಟು ವರ್ಷ ಎಡೆ ಯಾಕೆ ಇಟ್ಟ ಹಾಗೇ ಇರುತ್ತಿತ್ತು ಎಂದು ಮುದ್ದಮ್ಮನಿಗೆ ಆಗ ತಿಳಿಯಿತು. ಇನ್ನೊಂದನ್ನೂ ಅವಳು ನೋಡಿದಳು. ಅತ್ತೆಯ ಈಚೆಗೆ, ಬಾಗಿಲ ಮಗ್ಗುಲಲ್ಲಿ, ಒಂದು ಮಣೆ ಖಾಲಿ ಇತ್ತು. ಅದರ ಮುಂದೆ ಆಗತಾನೇ ಎಳೆದ ರಂಗೋಲಿ ಇತ್ತು. ಅದು ಯಾರಿಗೆಂದು ಅವಳಿಗೆ ಗೊತ್ತಾಯಿತು.

ಆದರೂ ಎಲೆಯಿಂದ ಒಂದು ಕಜ್ಜಾಯ ಎತ್ತಿಕೊಂಡಳು. ಅತ್ತೆಯ ಅಂಗೈಯಲ್ಲಿಟ್ಟಳು. “ತಗೊಳ್ಳಿ ಅತ್ತೆ” ಎಂದಳು. ಬೆರಳು ಮುಚ್ಚಲಿಲ್ಲ.

“ಹಿರಿಯರದ್ದು ಆಗ್ಲಿ ಮುದ್ದೂ. ನಾನು ಆಮೇಲೆ” ಎಂದಳು ಅತ್ತೆ. ಬದುಕಿದ್ದಾಗ ಮರೆತುಹೋಗಿದ್ದ ನೇಮ ಅವಳಿಗೆ ಅಲ್ಲಿ ಮತ್ತೆ ನೆನಪಾಗಿತ್ತು.

ಹೊರಗೆ ಗಂಡ ಅಡಿಕೆಯ ರಸ ಉಗುಳಿದ ಸದ್ದಾಯಿತು. ಇನ್ನೇನು ತಟ್ಟುತ್ತಾನೆ. ತಟ್ಟಿದರೆ ಇವರೆಲ್ಲ ಇನ್ನೊಂದು ವರ್ಷ ಹೀಗೆಯೇ ಹಸಿದು ಹೋಗುತ್ತಾರೆ. ಮುದ್ದಮ್ಮ ನೆಲಕ್ಕೆ ಕುಸಿದು, ಬೆಳಿಗ್ಗೆಯಿಂದ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಳು.

“ಅವತ್ತು ನಾನು ಇದರೊಳಗೆ ನಕ್ಕಿದ್ದೆ, ಅತ್ತೆ” ಎಂದಳು. “ನೇಮಕ್ಕಲ್ಲ ನಿಮಗೆ ಕೊಡದೆ ಇದ್ದದ್ದು. ಕೈ ಸುಟ್ಟಿದ್ರಲ್ಲ, ಅದಕ್ಕೆ. ಹೊಟ್ಟೆಗೆ ಹಾಕ್ಕೊಳ್ಳಿ.”

ಸಾಲಿನಲ್ಲಿ ಹರಿಯುತ್ತಿದ್ದ ಮಾತು ನಿಂತುಹೋಯಿತು. ಮುದ್ದಮ್ಮ ಅತ್ತೆಯ ಅಂಗೈಯಿಂದ ಕಜ್ಜಾಯವನ್ನು ಹಿಂದಕ್ಕೆ ತೆಗೆದುಕೊಂಡಳು. ಎಲ್ಲರ ಎದುರಿಗೇ ಅದನ್ನು ಬಾಯಿಗಿಟ್ಟು, ಹಲ್ಲಿನಿಂದ ಕಚ್ಚಿ, ಅರ್ಧ ತಿಂದಳು. ಆ ಮನೆ ಕಟ್ಟಿದ ಮೇಲೆ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ಚಾಚಿದ್ದ ಕೈಗಳೆಲ್ಲ ಒಮ್ಮೆಗೇ ಹಿಂದೆ ಸರಿದವು. ಎಂಜಲಾದದ್ದು ಹಿರಿಯರಿಗೆ ಸಲ್ಲುವುದಿಲ್ಲ. ಎಡೆಗೆ ಸಲ್ಲದ ಮೇಲೆ ಅದು ಬರೀ ತಿಂಡಿ. ತಿಂಡಿಗೆ ಯಾರೂ ಸಾಲು ಕಾಯಬೇಕಾಗಿಲ್ಲ.

ಉಳಿದ ಅರ್ಧವನ್ನು ಅವಳು ಅತ್ತೆಯ ಅಂಗೈಯಲ್ಲಿಟ್ಟಳು.

“ನನ್ನ ಎಂಜಲು. ಅವರಿಗೆ ಆಗಲ್ಲ. ನಿಮಗೆ ಆಗುತ್ತೆ.”

ಬೆರಳುಗಳು ಮುಚ್ಚಿಕೊಂಡವು. ಮುಚ್ಚುವಾಗ ಅವಳ ಮಣಿಕಟ್ಟಿನ ಕಲೆಯನ್ನು ಸವರಿದವು. ಆ ಬೆರಳು ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಮುದ್ದಮ್ಮ ತಟಕ್ಕನೆ ಕಣ್ಣು ಮುಚ್ಚಿ ಬೆನ್ನು ತಿರುಗಿಸಿದಳು. ಹಲ್ಲಿಲ್ಲದ ಬಾಯಿ ಮೆತ್ತಗೆ ಮೆಲ್ಲುವ ಸದ್ದು ಬೆನ್ನ ಹಿಂದೆ ಕೇಳಿಸಿತು. ತಿರುಗಿ ನೋಡಿದಳೋ ಇಲ್ಲವೋ, ಅದನ್ನು ಅವಳು ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ಗಂಡ ಮೂರು ಸಲ ತಟ್ಟಿದ. ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಸಲ ತಟ್ಟಿದಾಗ ಅಗುಳಿ ಸರಿಯಿತು. ಹೆಂಡತಿ ಎದುರಿಗೆ ನಿಂತಿದ್ದಳು. ಬಾಯಿಗೆ ಬಟ್ಟೆಯಿರಲಿಲ್ಲ. ತುಟಿಯ ಮೇಲೆ ಕಜ್ಜಾಯದ ಗಸಗಸೆ ಮೆತ್ತಿತ್ತು.

“ಎಡೆ ತಿಂದ್ಯೇನೇ!” ಎಂದು ಅವನು ಚೀರಿದ.

ಅವಳು ಹೌದೆಂದಳು. ಊರ ಬಾಯಿ ಮುಚ್ಚುವವರಾರು? ಹಿರಿಯರ ಎಡೆಗೇ ಬಾಯಿ ಹಾಕಿದಳು, ಮನೆಹಾಳಿ ಎಂದರು. ಮುದುಕಿಗೆ ಒಂದು ಕಜ್ಜಾಯ ಕೊಡದೆ ಕಳಿಸಿದ ದಿನ ಅವಳನ್ನು ಎಂಥ ಸೊಸೆ ಎಂದು ಹೊಗಳಿದ್ದೂ ಇದೇ ಊರು. ಅವಳು ಆ ಹೊಗಳಿಕೆಯನ್ನು ಹೊತ್ತಷ್ಟು ಕಷ್ಟದಿಂದ ಈ ಬೈಗುಳವನ್ನು ಹೊರಲಿಲ್ಲ.

ಗಂಡ ದೀಪ ಹಿಡಿದು ಕೋಣೆಯನ್ನೆಲ್ಲ ಹುಡುಕಿದ. ಎಲೆಯ ಮೇಲೆ ಒಂದು ಕಜ್ಜಾಯ ಕಡಿಮೆಯಿತ್ತು. ಮಿಕ್ಕದ್ದೆಲ್ಲ ಇಟ್ಟ ಹಾಗೇ ಇತ್ತು. ಅರ್ಧ ತಿಂದೆ ಎಂದು ಹೆಂಡತಿ ಹೇಳಿದ್ದಳು, ಇನ್ನರ್ಧ ಎಲ್ಲಿಯೂ ಸಿಗಲಿಲ್ಲ. ಬಾಗಿಲ ಮಗ್ಗುಲಲ್ಲಿ ನೆಲದ ಮೇಲೆ ಒಂದು ರಂಗೋಲಿ ಇತ್ತು. ಆ ಜಾಗದಲ್ಲಿ ಮುದ್ದಮ್ಮ ರಂಗೋಲಿ ಎಳೆದಿರಲಿಲ್ಲ. ಯಾರೋ ಅದನ್ನು ಅಂಗೈಯಿಂದ ಅಳಿಸಿದ್ದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮೂಡಲಯ್ಯ ಮುಂದಕ್ಕೆ ಬಾಗಿದ. “ಮುಂದಿನ ಹಬ್ಬಕ್ಕೆ ಅವಳು ಇದ್ಲಾ ಗುರುಗಳೇ?” ಎಂದ.

“ಇದ್ದಳು. ಅದಾದ ಮೇಲೆ ಹತ್ತೊಂಬತ್ತು ಹಬ್ಬ ಮಾಡಿದಳು. ಬಾಯಿಗೆ ಬಟ್ಟೆ ಕಟ್ಟಲಿಲ್ಲ. ಎಣ್ಣೆಯಿಂದ ತೆಗೆದ ಮೊದಲ ಕಜ್ಜಾಯವನ್ನು ಮುರಿದು, ಹತ್ತಿರ ಯಾರಿದ್ದರೆ ಅವರ ಕೈಗೆ ಹಾಕುತ್ತಿದ್ದಳು. ಆಮೇಲೆಯೇ ಎಡೆ.”

ಮೂಡಲಯ್ಯನ ಮುಖದಲ್ಲಿ ಗೆಲುವು ಬಂತು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ತಿಳಿದ.

“ಹಾಗಾದ್ರೆ ಅವರು ಬರೋದು ನಿಜ ಅಂತಾಯ್ತು. ಅವತ್ತು ಒಳಗೆ ಕೆಮ್ಮಿದ್ದು ನಮ್ಮಪ್ಪನೇ ಅಲ್ವಾ ಗುರುಗಳೇ?”

ಗುರುಗಳು ಎಲೆಯ ಮೇಲಿದ್ದ ಕಜ್ಜಾಯವನ್ನು ಎತ್ತಿಕೊಂಡರು. ಅರ್ಧ ಕಚ್ಚಿ ತಿಂದರು. ಉಳಿದರ್ಧವನ್ನು ಅವನ ಮುಂದೆ ಹಿಡಿದರು. ಈ ಸಲ ಮೂಡಲಯ್ಯ ಕೈ ಚಾಚಿ ತೆಗೆದುಕೊಂಡು ಬಾಯಿಯ ಹತ್ತಿರ ಒಯ್ದ.

“ಕೆಮ್ಮಿದ್ದು ಯಾರು ಅನ್ನೋದು ಆಮೇಲೆ ನೋಡೋಣ, ಜಗಲಿ ಮೇಲೆ ಕೂತಿದ್ದವಳ ಡಬ್ಬಿಯಲ್ಲಿ ಏನಿತ್ತು, ಅದನ್ನ ಹೇಳು” ಎಂದರು ಗುರುಗಳು.